19 ಮಕ್ಕಳು, ಒಂದೇ ಕೋಣೆ: ಸಂಡೇ ಸ್ಕೂಲ್ ನಡೆಸಿದವರು ಅನುಭವ ಹೇಳಿ

ಹಾಸನದ ಹೊಸ ಟೀಚರ್
ಎಲ್ಲರಿಗೂ ವಂದನೆಗಳು. ಜೂನ್‌ನಿಂದ ನಮ್ಮ ಸಭೆಯ (ಚರ್ಚಿನ) ಸಂಡೇ ಸ್ಕೂಲ್, ಅಂದರೆ ಭಾನುವಾರ ಮಕ್ಕಳಿಗೆ ಬೈಬಲ್ ಕಲಿಸುವ ತರಗತಿ, ನನ್ನ ಪಾಲಿಗೆ ಬಂದಿದೆ. 19 ಮಕ್ಕಳು. ಚಿಕ್ಕವನಿಗೆ 5 ವರ್ಷ, ದೊಡ್ಡವಳಿಗೆ 13. ಇರುವುದು ಒಂದೇ ಕೋಣೆ. ಒಂಬತ್ತು ಜನಕ್ಕೆ ಕನ್ನಡ ಓದಲು ಬರುವುದಿಲ್ಲ. ಕಂಠಪಾಠದ ಬೈಬಲ್ ವಚನ ಪಟಪಟ ಅಂತ ಒಪ್ಪಿಸುತ್ತಾರೆ, ಅರ್ಥ ಕೇಳಿದರೆ ನನ್ನ ಮುಖ ನೋಡುತ್ತಾರೆ. ಕಮಿಟಿಯವರು ವರ್ಷಕ್ಕೆ 3,000 ಕೊಟ್ಟಿದ್ದಾರೆ. ಎಲ್ಲರನ್ನೂ ಒಟ್ಟಿಗೆ ಕೂರಿಸಿ ಹೇಗೆ ಕಲಿಸಲಿ?

ಬೆಂಗಳೂರು ಆಂಟಿ
11 ವರ್ಷದಿಂದ ಕಲಿಸುತ್ತಿದ್ದೇನಮ್ಮ. ನನ್ನ ಕಥೆ ಕೇಳು. ಒಂದು ಭಾನುವಾರ ಬೈಬಲಿನ 23ನೇ ಕೀರ್ತನೆ ಹೇಳಿಸುತ್ತಿದ್ದೆ. "ಕೊರತೆಪಡೆನು" ಅಂದರೆ ಏನು ಅಂತ ಕೇಳಿದೆ. ಎಂಟು ವರ್ಷದ ಹುಡುಗ ಎದ್ದು ನಿಂತು, "ಗೋಡೆ ಕೊರೆಯೋದು ಆಂಟಿ, ಡ್ರಿಲ್ ಮಷಿನ್ ಥರ" ಅಂದ. ನನಗೆ ಏನೂ ಕಡಿಮೆಯಾಗದು ಅನ್ನುವುದು ಅದರ ಅರ್ಥ. ಹುಡುಗ ತಮಾಷೆಗೆ ಹೇಳಿದ್ದಲ್ಲ. ಎರಡು ವರ್ಷ ಹಾಗೇ ಅಂದುಕೊಂಡು ಕಣ್ಣು ಮುಚ್ಚಿ ಆ ಕೀರ್ತನೆ ಹೇಳಿದ್ದ ಮಗು. ಅವತ್ತು ಮನೆಗೆ ಬಂದು ಅತ್ತುಬಿಟ್ಟೆ.

ಮುಂದಿನ ತಿಂಗಳೇ ಕ್ಲಾಸನ್ನು ಇಂಗ್ಲಿಷಿಗೆ ಬದಲಾಯಿಸಿದೆ. 26 ಬೈಬಲ್, ಒಂದಕ್ಕೆ 180ರಂತೆ 4,680 ಕೈಯಿಂದ ಹಾಕಿದೆ. ಕಮಿಟಿಯಲ್ಲಿ ದೊಡ್ಡ ಗಲಾಟೆ. ಸಭೆಯ ಹಿರಿಯರೊಬ್ಬರು ಈಗಲೂ ನನ್ನ ವಂದನೆಗೆ ತಿರುಗಿ ವಂದನೆ ಹೇಳುವುದಿಲ್ಲ. ಆದರೆ 26 ಮಕ್ಕಳು 41 ಆದರು. ಅವರಿಗೆ ಅರ್ಥ ಆಗುತ್ತದೆ, ಪ್ರಶ್ನೆ ಕೇಳುತ್ತಾರೆ. ಇನ್ನೊಮ್ಮೆ ಅವಕಾಶ ಸಿಕ್ಕರೂ ಇದನ್ನೇ ಮಾಡುತ್ತೇನೆ.

ಧಾರವಾಡದ ಮೇಷ್ಟ್ರು
ಅಕ್ಕಾವ್ರೇ, ಬೇಜಾರಾಗಬೇಡಿ. ಪದ ಅರ್ಥ ಆಗಲಿಲ್ಲ ಅಂದರೆ ಪದ ಹೇಳಿಕೊಡಬೇಕು, ಭಾಷೆಯನ್ನೇ ಬಿಡುವುದಲ್ಲ. ಭಾನುವಾರದ ಶಾಲೆ ಬೆಳೆದದ್ದೇ ಓದು ಕಲಿಸುತ್ತಾ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಊರಲ್ಲಿ ರಾಬರ್ಟ್ ರೈಕ್ಸ್ ಶುರು ಮಾಡಿದಾಗ, ವಾರವೆಲ್ಲ ದುಡಿಯುವ ಬಡ ಮಕ್ಕಳಿಗೆ ಭಾನುವಾರ ಒಂದೇ ಬಿಡುವು. ಆ ದಿನ ಅವರನ್ನು ಕೂರಿಸಿ ಓದು ಕಲಿಸಿದರು.

ನಾನೂ ಅದನ್ನೇ ಮಾಡಿದೆ. 22 ಸ್ಲೇಟು, 45ರಂತೆ 990 ರೂಪಾಯಿ. ಬಳಪದ ಡಬ್ಬಿ ಬೇರೆ. ಮೊದಲ 20 ನಿಮಿಷ ಅಕ್ಷರ, ಆಮೇಲೆ ಕಥೆ. ನಾಲ್ಕೇ ತಿಂಗಳಲ್ಲಿ 9 ಮಕ್ಕಳು ಬಿಟ್ಟುಹೋದರು. ಒಬ್ಬ ತಾಯಿ ಗೇಟಿನಲ್ಲೇ ನಿಲ್ಲಿಸಿ, "ವಾರವೆಲ್ಲ ಹೋಂವರ್ಕು, ಭಾನುವಾರವೂ ಕಾಗುಣಿತನಾ ಸರ್?" ಅಂದರು. ರಾತ್ರಿ ನಿದ್ದೆ ಬರಲಿಲ್ಲ. ಉಳಿದವರು 13. ಹೋದ ಕ್ರಿಸ್‌ಮಸ್‌ಗೆ ಅವರಲ್ಲಿ ಒಬ್ಬಳು, ಕಣ್ಣು ಕಾಣದ ತನ್ನ ಅಜ್ಜಿಯ ಪಕ್ಕ ಕೂತು ಯೇಸು ಹುಟ್ಟಿದ ಕಥೆ ಇರುವ ಲೂಕನ ಸುವಾರ್ತೆಯ ಎರಡನೇ ಅಧ್ಯಾಯ ಓದಿದಳು. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ. ಅಜ್ಜಿ ಅವಳ ಮೊಣಕೈ ಬಿಡಲೇ ಇಲ್ಲ. ಇಂಗ್ಲಿಷ್ ಕ್ಲಾಸಿನಲ್ಲಿ ಇದು ಆಗುತ್ತಿತ್ತಾ?

ಬೆಂಗಳೂರು ಆಂಟಿ
ಆ 9 ಮಕ್ಕಳು ಈಗ ಎಲ್ಲಿದ್ದಾರೆ ಸರ್? ಅದನ್ನೂ ಹೇಳಿ. 13ರ ಹೆಮ್ಮೆಯಲ್ಲಿ 9 ಮರೆತರೆ ಹೇಗೆ?

ಧಾರವಾಡದ ಮೇಷ್ಟ್ರು
ಮರೆತಿಲ್ಲ. ಒಬ್ಬೊಬ್ಬರ ಮನೆಗೂ ಮೂರು ಮೂರು ಸಲ ಹೋಗಿದ್ದೇನೆ. ನಿಮ್ಮ 41ರಲ್ಲಿ ಎಷ್ಟು ಮಕ್ಕಳು ಮನೆಯ ಪ್ರಾರ್ಥನೆಯಲ್ಲಿ ಅಪ್ಪ ಅಮ್ಮನ ಜೊತೆ ಬಾಯಿಬಿಟ್ಟು ಹಾಡುತ್ತಾರೆ? ಎಣಿಸಿದ್ದೀರಾ?

ಉಡುಪಿಯಿಂದ
ಭಾಷೆ ಜಗಳ ಆಮೇಲೆ ಮಾಡಿ. ಬಹುಮಾನದ ಬಗ್ಗೆ ನಾನು ಹೇಳಲೇಬೇಕು. ಏಪ್ರಿಲ್‌ನಲ್ಲಿ ಐದು ದಿನದ ವಿಬಿಎಸ್ (ರಜೆಯಲ್ಲಿ ನಡೆಸುವ ಬೈಬಲ್ ಶಿಬಿರ) ಮಾಡಿದೆವು, 52 ಮಕ್ಕಳು. ಚಾರ್ಟು, ಅಂಟು, ಬಣ್ಣ 2,340. ಬಿಸ್ಕತ್ತು, ಜ್ಯೂಸ್ 4,100. ಓಮ್ನಿ ದಿನಕ್ಕೆ 900ರಂತೆ 4,500. ಟೀ ಶರ್ಟ್ 160ರಂತೆ 8,320. ಕೊನೆಯ ದಿನದ ಊಟ 6,500. ಪೂರ್ತಿ ಹಾಜರಾತಿಗೆ ಸ್ಟೀಲ್ ಡಬ್ಬಿ, 185ರಂತೆ 12, ಅಂದರೆ 2,220. ಒಟ್ಟು 27,980. ಸಭೆ ಕೊಟ್ಟಿದ್ದು 15,000. ಉಳಿದ 12,980 ನಾವು ಮೂವರು ಟೀಚರ್‌ಗಳು ಹಂಚಿಕೊಂಡೆವು.

ಇಷ್ಟೆಲ್ಲ ಮಾಡಿ ಆ ಡಬ್ಬಿಯೇ ನಮ್ಮನ್ನು ಕೆಡಿಸಿತು. ಒಬ್ಬ ಹುಡುಗಿಗೆ ಜ್ವರ ಬಂದು ಒಂದು ದಿನ ತಪ್ಪಿತು. ತಂಗಿಗೆ ಡಬ್ಬಿ ಸಿಕ್ಕಿತು, ಅಕ್ಕನಿಗೆ ಇಲ್ಲ. ವೇದಿಕೆ ಪಕ್ಕದಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಅವರ ಅಪ್ಪ ಬಂದು, "ಜ್ವರ ಬಂದಿದ್ದು ಮಗುವಿನ ಪಾಪನಾ?" ಅಂತ ಕೇಳಿದರು. ಯೋಗ್ಯತೆ ನೋಡದೆ ದೇವರು ಕೊಡುವ ಕೃಪೆಯ ಪಾಠವನ್ನು ಐದು ದಿನ ಹೇಳಿದ್ದೆ. ಆ ಒಂದು ಡಬ್ಬಿಯಿಂದ ಅದನ್ನೆಲ್ಲ ನಾನೇ ಅಳಿಸಿಹಾಕಿದೆ ಅನ್ನಿಸಿತು. ಜೂನ್‌ನಲ್ಲಿ ಭಾನುವಾರಕ್ಕೆ ಬಂದವರು 15 ಮಕ್ಕಳು. ಈಗ ನಮ್ಮಲ್ಲಿ ಬಹುಮಾನವೇ ಇಲ್ಲ.

ಬೆಂಗಳೂರು ಆಂಟಿ
ಬಹುಮಾನ ಇಲ್ಲದೆ ಈಗಿನ ಮಕ್ಕಳು ಬರುವುದೇ ಇಲ್ಲ. ಭಾನುವಾರ ಬೆಳಿಗ್ಗೆ ಟ್ಯೂಷನ್, ಕರಾಟೆ, ಸ್ವಿಮ್ಮಿಂಗ್. ಒಂದು ಸ್ಟಿಕ್ಕರ್ ಕೊಟ್ಟರೆ ತಪ್ಪೇನು?

ಉಡುಪಿಯಿಂದ
ಆ ಮಗು ಅತ್ತಿದ್ದನ್ನು ನೀವು ನೋಡಿಲ್ಲ. ನೋಡಿದ್ದರೆ ಹೀಗೆ ಹೇಳುತ್ತಿರಲಿಲ್ಲ.

ಮಂಗಳೂರು ಕೆಥೋಲಿಕ್
ನಮ್ಮ ಚರ್ಚಿನಲ್ಲಿ ಜ್ಞಾನೋಪದೇಶ (ನಮ್ಮ ಸಂಡೇ ಸ್ಕೂಲ್ ಅನ್ನಿ) ಕಲಿಸುತ್ತೇನೆ. ಪ್ರಥಮ ಪರಮಪ್ರಸಾದದ (ಮೊದಲ ಸಲ ಪವಿತ್ರ ರೊಟ್ಟಿ ಸ್ವೀಕರಿಸುವ ದಿನದ) ತನಕ ಮಕ್ಕಳು ತಪ್ಪದೆ ಬರುತ್ತಾರೆ, ದೃಢೀಕರಣ (ನಂಬಿಕೆಯನ್ನು ಗಟ್ಟಿಮಾಡುವ ಸಂಸ್ಕಾರ) ಆದ ಮೇಲೆ ಒಬ್ಬೊಬ್ಬರೇ ಮಾಯ. ಅದಕ್ಕಿಂತ ಕಷ್ಟ ಇನ್ನೊಂದಿದೆ. ಹತ್ತು ವರ್ಷದ ಹುಡುಗಿ ಕೇಳಿದಳು: "ತಾತನಿಗೆ ವಾಸಿಯಾಗಲಿ ಅಂತ ದಿನಾ ಜಪಸರ ಮಾಡಿದ್ವಿ. ದೇವರಿಗೆ ಕೇಳಿಸಲಿಲ್ವಾ?" ನಾನು ಪುಸ್ತಕದ ಉತ್ತರ ಕೊಟ್ಟೆ. ತಲೆ ತಗ್ಗಿಸಿ ಚಪ್ಪಲಿಯ ಬಕಲ್ ತೆಗೆಯುತ್ತಾ ಹಾಕುತ್ತಾ ಕೂತಳು. ಆರು ಭಾನುವಾರ ಬರಲಿಲ್ಲ. ಕೊನೆಗೆ ಮನೆಗೆ ಹೋಗಿ, "ನನಗೂ ಗೊತ್ತಿಲ್ಲ ಪುಟ್ಟಾ, ನಮ್ಮ ಅಪ್ಪ ಹೋದಾಗ ನಾನೂ ಇದನ್ನೇ ಕೇಳಿದ್ದೆ" ಅಂದೆ. ಏಳನೇ ಭಾನುವಾರ ಬಂದಳು.

ಧಾರವಾಡದ ಮೇಷ್ಟ್ರು
ಗೊತ್ತಿಲ್ಲ ಅನ್ನಲು ಟೀಚರ್ ಯಾಕೆ ಬೇಕು? ಸತ್ತವರು ಮತ್ತೆ ಏಳುತ್ತಾರೆ ಅನ್ನುವ ಪುನರುತ್ಥಾನದ ನಿರೀಕ್ಷೆ ಹೇಳಬೇಕಿತ್ತು.

ಮಂಗಳೂರು ಕೆಥೋಲಿಕ್
ಅದನ್ನೇ ಹೇಳಿದ್ದೆ ಸರ್, ಮೊದಲ ದಿನವೇ. ಆ ಮಗುವಿಗೆ ಬೇಕಾಗಿದ್ದು ಪಕ್ಕದಲ್ಲಿ ಕೂತು ಅಳುವವರು. ಇನ್ನು ಕೊರತೆಪಡೆನು ಬಗ್ಗೆ: ನಮ್ಮ ಬೈಬಲಿನ ಕನ್ನಡವೇ ಬೇರೆ. ದೇವರ ಹೆಸರೇ ನಿಮಗೆ ಯೆಹೋವ, ನಮಗೆ ಸರ್ವೇಶ್ವರ. ಸುಲಭದ ಕನ್ನಡ ತಗೊಳ್ಳಿ, ಅರ್ಧ ಜಗಳ ಮುಗಿಯುತ್ತದೆ.

ಧಾರವಾಡದ ಮೇಷ್ಟ್ರು
ಹಳೆಯ ಭಾಷಾಂತರದ ಕನ್ನಡದಲ್ಲೇ ನಮ್ಮ ಅಜ್ಜ ಪ್ರಾಣ ಬಿಟ್ಟರು. ಅದನ್ನು ಕಷ್ಟ ಅಂತ ಪಕ್ಕಕ್ಕಿಡಲು ನನಗೆ ಮನಸ್ಸಿಲ್ಲ.

ಹಾಸನದ ಹೊಸ ಟೀಚರ್
ಎಲ್ಲರೂ ಇಷ್ಟು ಬರೆದಿದ್ದೀರಿ, ತುಂಬಾ ಥ್ಯಾಂಕ್ಸ್. ಕೋಣೆ ಹೇಗೆ ಹಂಚಲಿ ಅಂತ ಇನ್ನೂ ಗೊತ್ತಾಗಿಲ್ಲ. ಈ ಭಾನುವಾರ ಓದಲು ಬರುವ ಒಬ್ಬೊಬ್ಬರ ಪಕ್ಕ ಬಾರದ ಒಬ್ಬರನ್ನು ಕೂರಿಸಿ ನೋಡುತ್ತೇನೆ. ಬಹುಮಾನ ಕೊಡುವುದಿಲ್ಲ. ಕನ್ನಡ ಬಿಡಲು ನನಗೂ ಮನಸ್ಸಿಲ್ಲ.

ಧಾರವಾಡದ ಮೇಷ್ಟ್ರು
ನಿಮ್ಮಲ್ಲಿ ಓದು ಬಾರದವರು ಒಂಬತ್ತು ಅಂದಿರಲ್ವಾ? ನನ್ನ ಹತ್ತಿರ ಒಂಬತ್ತು ಸ್ಲೇಟು ಕಪಾಟಿನಲ್ಲಿ ಹಾಗೇ ಇವೆ. ಹಿಂದೆ ಆ ಮಕ್ಕಳ ಹೆಸರು ಬರೆದಿದೆ, ಅಳಿಸಿ ಕಳಿಸುತ್ತೇನೆ. ಹಾಸನಕ್ಕೆ ಬಸ್ ಪಾರ್ಸೆಲ್ ಹಾಕಲಾ?