ಫೈಲ್ ಎಕ್ಸ್‌ಪ್ಲೋರರ್ ಬದ್ಲು ಏನ್ ಹಾಕ್ಬೋದು? ರಿಪೇರಿಯವ್ರನ್ನ ಕೇಳಿ

ಚನ್ನಗಿರಿ ಅಡಿಕೆ ಮಂಡಿ: ಅಣ್ಣಾ, ಮಂಡೀಲಿ ವಿಂಡೋಸ್ 10 ಐತೆ. ಬಿಲ್ಲು, ಜಿಎಸ್‌ಟಿ ಫೈಲು ಒಂದು ಫೋಲ್ಡರಿಂದ ಇನ್ನೊಂದಕ್ಕೆ ಹಾಕೋಕೆ ಎರಡೆರಡು ವಿಂಡೋ ತಗ್ದು ಎಳ್ದು ಎಳ್ದು ಸಾಕಾಗೈತೆ. ಎರಡೂ ಒಂದೇ ಕಡೆ ಕಾಣೋ ಸಾಫ್ಟ್‌ವೇರ್ ಫ್ರೀ ಯಾವ್ದೈತೆ?

ರಿಪೇರಿ: ಡಬಲ್ ಕಮಾಂಡರ್ ಅನ್ನೋ ಫೈಲ್ ಮ್ಯಾನೇಜರ್ ಹಾಕ್ರಿ. ಫ್ರೀ, ಓಪನ್ ಸೋರ್ಸ್. ಎಡಕ್ಕೊಂದು ಬಲಕ್ಕೊಂದು ಪ್ಯಾನೆಲ್ಲು, ಎಫ್5 ಕಾಪಿ, ಎಫ್6 ಮೂವ್, ಎಫ್8 ಡಿಲೀಟ್. ಎಫ್6 ಒತ್ತೋ ಮುಂಚೆ ಕರ್ಸರ್ ಯಾವ ಕಡೆ ಐತೆ ನೋಡ್ಕಳ್ರಿ. ಹಂಗೇ ವಿಂಡೋಸ್ 10ರ ಮಾಮೂಲಿ ಸಪೋರ್ಟು 2025 ಅಕ್ಟೋಬರ್ 14ಕ್ಕೇ ಮುಗ್ದೈತೆ, ಅದ್ನೂ ನೋಡ್ರಿ.

ಹರಿಹರ ಸ್ಟುಡಿಯೋ: ಸಾ ನಂದು ಮದ್ವೆ ಫೋಟೋ ಎಲ್ಲಾ 2 ಟಿಬಿ ಎಕ್ಸ್‌ಟರ್ನಲ್ನಾಗೆ ಅದಾವೆ, ಫೋಲ್ಡರ್ ಓಪನ್ ಮಾಡಿದ್ರೆ ಮೇಲೆ ಹಸಿರು ಗೆರೆ ಓಡ್ತಾನೇ ಇರ್ತೈತೆ, ಕಾಪಿ ಹಾಕಿದ್ರೆ ಅರ್ಧಕ್ಕೆ ಬಂದು ಸ್ಪೀಡು ಸೊನ್ನೆ, ಎಕ್ಸ್‌ಪ್ಲೋರರ್ ಹ್ಯಾಂಗು. ಯಾವ್ ಫೈಲ್ ಮ್ಯಾನೇಜರ್ ಹಾಕಿದ್ರೆ ಫಾಸ್ಟ್ ಆಗ್ತೈತೆ?

ಪಿ.ಜೆ. ಬಡಾವಣೆ: ಬೆಸ್ಟ್ ಫ್ರೀ ಫೈಲ್ ಮ್ಯಾನೇಜರ್ ಯಾವ್ದು ಸರ್

ರಿಪೇರಿ: ಮೇಲೆ ಬರ್ದೀನಿ.
@ಸ್ಟುಡಿಯೋ, ಸಿ ಡ್ರೈವ್ನಾಗಿರೋ ಫೋಲ್ಡರೂ ಹಿಂಗೇ ಮಾಡ್ತಾವಾ? ಡಿಸ್ಕಿಗೆ ಕಿವಿ ಇಟ್ಟು ಕೇಳ್ರಿ, ಸೌಂಡ್ ಬರ್ತೈತಾ?

ಹರಿಹರ ಸ್ಟುಡಿಯೋ: ಸಿ ಡ್ರೈವ್ ಆರಾಮೈತೆ ಸಾ. ಸೌಂಡು ಟಕ್ ಟಕ್ ಅಂತ ಬರ್ತೈತೆ, ಮೊದ್ಲಿಂದ್ಲೂ ಹಂಗೇ ಅಂತ ಸುಮ್ನಿದ್ದೆ

ರಿಪೇರಿ: ಮೊದ್ಲು ಆ ಡಿಸ್ಕ್ ತೆಗೀರಿ. ಇದು ಫೈಲ್ ಮ್ಯಾನೇಜರ್ ಸಮಸ್ಯೆ ಅಲ್ಲ. ಬರೀ ಹಸಿರು ಗೆರೆ ಆಗಿದ್ರೆ ಫೋಲ್ಡರ್ ಪ್ರಾಪರ್ಟೀಸ್, ಕಸ್ಟಮೈಸ್‌ಗೆ ಹೋಗಿ ಪಿಕ್ಚರ್ಸ್ ಬದ್ಲು ಜನರಲ್ ಐಟಮ್ಸ್ ಮಾಡ್ರಿ ಅಂತಿದ್ದೆ, ಸಾವಿರಗಟ್ಲೆ ಫೋಟೋ ಇದ್ರೆ ಅದ್ರಿಂದ ಎಷ್ಟೋ ವಾಸಿ ಆಗ್ತೈತೆ. ಆದ್ರೆ ಸಿ ಡ್ರೈವ್ ಸರಿ ಇದ್ದು ಈ ಡಿಸ್ಕ್ ಒಂದೇ ನಿಲ್ತೈತೆ, ಅದ್ರ ಮೇಲೆ ಟಕ್ ಟಕ್ ಬೇರೆ ಅಂದ್ರೆ ಒಳಗಿನ ಹೆಡ್ಡು ಓದಕ್ಕಾಗದೆ ತಿರ್ಗಾ ತಿರ್ಗಾ ಟ್ರೈ ಮಾಡ್ತೈತೆ. ನೀವು ಟೋಟಲ್ ಕಮಾಂಡರ್ ಹಾಕ್ರಿ, ದುಡ್ಡು ಕೊಟ್ಟು ಡೈರೆಕ್ಟರಿ ಓಪಸ್ ತಗಳ್ರಿ, ಎಲ್ಲಾವೂ ಓದೋದು ಅದೇ ಡಿಸ್ಕ್‌ನೇ ಅಲ್ವಾ. ಸೌಂಡ್ ಇಲ್ದಿದ್ರೆ ಡಿಸ್ಕ್ ಆರೋಗ್ಯ ತೋರ್ಸೋ ಕ್ರಿಸ್ಟಲ್ ಡಿಸ್ಕ್ ಇನ್ಫೋದಾಗೆ ಸಿ5 ಸಾಲು, ಅಂದ್ರೆ ಪೆಂಡಿಂಗ್ ಸೆಕ್ಟರ್ (ಓದಕ್ಕಾಗ್ದೆ ನಿಂತಿರೋ ಜಾಗ), ನೋಡ್ರಿ ಅಂತಿದ್ದೆ, ಈಗ ಅದಕ್ಕೂ ಹಚ್ಚಬ್ಯಾಡ್ರಿ. ಒಂದೊಂದೇ ಫೋಲ್ಡರ್ ಎಳೆಯೋದು ಬಿಟ್ಟು ಪೂರ್ತಿ ಡಿಸ್ಕ್‌ನ ಕ್ಲೋನ್, ಅಂದ್ರೆ ಹಂಗೇ ಪಡಿಯಚ್ಚು, ಇನ್ನೊಂದು ಡಿಸ್ಕಿಗೆ ತೆಗೀಬೇಕು, ಓದಕ್ಕಾಗೋ ಜಾಗ ಮೊದ್ಲು, ಹಟ ಮಾಡೋ ಜಾಗ ಕೊನೇಗೆ. ಡಿಡಿರೆಸ್ಕ್ಯೂ ಅನ್ನೋ ಸಾಫ್ಟ್‌ವೇರ್ ಆ ಥರ ಮಾಡ್ತೈತೆ. ಸೌಂಡ್ ಜೋರಾಗಿದ್ರೆ ನಾನೂ ಮುಟ್ಟಲ್ಲ, ಡೇಟಾ ರಿಕವರಿ ಲ್ಯಾಬಿಗೇ ಕಳಿಸ್ಬೇಕು. ಬೇರೆ ಕಾಪಿ ಐತಾ?

ವಿದ್ಯಾನಗರ: ಫಾರ್ವರ್ಡ್: ಹಾರ್ಡ್ ಡಿಸ್ಕ್ ಹ್ಯಾಂಗ್ ಆದ್ರೆ ಚೆಕ್‌ಡಿಸ್ಕ್ ಕಮಾಂಡ್ ಹೊಡೀರಿ. ಆಗ್ಲಿಲ್ಲ ಅಂದ್ರೆ ಕವರ್ನಾಗೆ ಹಾಕಿ ಒಂದು ರಾತ್ರಿ ಫ್ರೀಜರ್ನಾಗೆ ಇಡಿ. ಎಲ್ಲರಿಗೂ ಕಳ್ಸಿ 🙏

ರಿಪೇರಿ: ಸ್ಟುಡಿಯೋದವ್ರೇ ದಯವಿಟ್ಟು ಇದೆರಡೂ ಮಾಡ್ಬ್ಯಾಡ್ರಿ. ಚೆಕ್‌ಡಿಸ್ಕ್ ಫೈಲ್ ಸಿಸ್ಟಮ್ ಲೆಕ್ಕ ಸರಿ ಮಾಡೋದು, ನಿಮ್ಮ ಫೋಟೋ ಉಳಿಸೋದಲ್ಲ, ಕೆಟ್ಟಿರೋ ಡಿಸ್ಕ್‌ನ ಗಂಟೆಗಟ್ಲೆ ಓಡ್ಸಿ ಇದ್ದದ್ದೂ ಕಳೀತೈತೆ. ಫ್ರೀಜರಿಂದ ತೆಗೆದ್ರೆ ಒಳಗೆ ನೀರು ಕಟ್ಟುತ್ತೆ. @ವಿದ್ಯಾನಗರ ನೀವು ಒಂದ್ಸಲನಾದ್ರೂ ಮಾಡಿ ನೋಡೀರಾ, ಸುಮ್ನೆ ಒತ್ತಿ ಕಳ್ಸದಾ?

ವಿದ್ಯಾನಗರ: ಒಳ್ಳೇದಕ್ಕೆ ಹಾಕಿದ್ದು, ಬೈಯೋದೇನೈತೆ

ಜಗಳೂರು ಮೇಷ್ಟ್ರು: ಸರ್, ಮಕ್ಕಳ ಫೋಟೋಗಳಿಗೆ ಕನ್ನಡದಲ್ಲೇ ಹೆಸರು, ಜೊತೆಗೆ ರೋಲ್ ನಂಬರ್ ಒಟ್ಟಿಗೇ ಕೊಡಬೇಕು. ಯಾವುದರಲ್ಲಿ ಆಗುತ್ತೆ?

ಅಶೋಕ ರಸ್ತೆ: ಟೋಟಲ್ ಕಮಾಂಡರ್ ಬಿಟ್ರೆ ಬೇರೆ ಇಲ್ಲ. 1993ರಿಂದ ಐತೆ, ಆಗ ಹೆಸ್ರು ವಿಂಡೋಸ್ ಕಮಾಂಡರ್

ಲಿನಕ್ಸ್ ಹುಡುಗ: ಎರಡು ಪ್ಯಾನೆಲ್ ಐಡಿಯಾ 1986ರ ನಾರ್ಟನ್ ಕಮಾಂಡರ್ ಕಾಲದಿಂದ್ಲೂ ಐತೆ ಅಂಕಲ್. ವಿಂಡೋಸ್ ಬದ್ಲು ಲಿನಕ್ಸ್ ಹಾಕ್ರಿ, ಅದ್ರ ಫೈಲ್ ಮ್ಯಾನೇಜರ್ ಡಾಲ್ಫಿನ್ನಾಗೆ ಎಫ್3 ಒತ್ತಿದ್ರೆ ಎರಡು ಪ್ಯಾನೆಲ್ಲು, ಪೈಸೆ ಖರ್ಚಿಲ್ಲ. ನೀವು ಟೋಟಲ್ ಕಮಾಂಡರ್ ಲೈಸೆನ್ಸ್ ತಗಂಡೀರಾ, ಇಲ್ಲಾ ಲೈಸೆನ್ಸ್ ಇಲ್ದವ್ರಿಗೆ ಓಪನ್ ಮಾಡ್ದಾಗೆಲ್ಲಾ ಬರೋ 1, 2, 3 ಬಟನ್ ಇನ್ನೂ ದಿನಾ ಒತ್ತೀರಾ?

ಅಶೋಕ ರಸ್ತೆ: ನಾನೇನ್ ಒತ್ತಿದ್ರೆ ನಿಂಗೇನಪ್ಪಾ. ಮಂಡೀಲಿ ಟ್ಯಾಲಿ ಓಡ್ಬೇಕಲ್ಲ, ನಿನ್ನ ಲಿನಕ್ಸ್ನಾಗೆ ಓಡ್ಸು ನೋಡಾಣ

ಲಿನಕ್ಸ್ ಹುಡುಗ: ಕೇಳಿದ್ದು ಫೈಲ್ ಮ್ಯಾನೇಜರ್, ಟ್ಯಾಲಿ ಯಾಕೆ ತಂದ್ರಿ

ಚನ್ನಗಿರಿ ಅಡಿಕೆ ಮಂಡಿ: ಟ್ಯಾಲಿ ನಮ್ಗೆ ಬೇಕೇ ಬೇಕಪ್ಪಾ

ಪಿ.ಜೆ. ಬಡಾವಣೆ: ಟೆಲಿಗ್ರಾಮ್ನಾಗೆ ಟೋಟಲ್ ಕಮಾಂಡರ್ ಫುಲ್ ವರ್ಷನ್ ಕ್ರ್ಯಾಕ್ ಐತೆ, ಹಾಕ್ಲಾ ಸರ್

ರಿಪೇರಿ: ಬ್ಯಾಡ. ಅದ್ರ ಕೈಯಾಗೆ ನಿಮ್ಮ ಎಲ್ಲಾ ಫೈಲ್ ಇರ್ತಾವೆ, ಯಾರೋ ತಿದ್ದಿದ ಇಎಕ್ಸ್‌ಇ ನಂಬ್ತೀರಾ? ಇಲ್ಲಿ ಲಿಂಕ್ ಬಂದ್ರೆ ಅಡ್ಮಿನ್ನಿಗೆ ಹೇಳಿ ತೆಗೆಸ್ತೀನಿ.

ಹೊನ್ನಾಳಿ: ವಿಂಡೋಸ್ 11ನಾಗೆ ರೈಟ್ ಕ್ಲಿಕ್ ಹಳೇ ಮೆನು ಹೆಂಗೆ?

ರಿಪೇರಿ: ಶಿಫ್ಟ್ ಹಿಡ್ದು ಒತ್ರಿ.

ಜಗಳೂರು ಮೇಷ್ಟ್ರು: ಸರ್ ನನ್ನ ಪ್ರಶ್ನೆ?

ಹರಿಹರ ಸ್ಟುಡಿಯೋ: ಬೇರೆ ಕಾಪಿ ಇಲ್ಲ ಸಾ. ನೀವು ಹೇಳೋ ಮುಂಚೆನೇ ನಮ್ಮ ಹುಡ್ಗ ಚೆಕ್‌ಡಿಸ್ಕ್ ಹಾಕಿಬಿಟ್ಟಿದ್ನಂತೆ, ಇನ್ನೂ ಓಡ್ತೈತೆ, ನಡುವೆ ನಿಲ್ಲಿಸ್ಬೋದಾ?

ರಿಪೇರಿ: ಕಂಟ್ರೋಲ್ ಸಿ ಒತ್ತಿಸ್ರಿ. ನಿಲ್ತಿಲ್ಲ ಅಂದ್ರೆ ಫೋನ್ ಮಾಡ್ರಿ, ಇಲ್ಲಿ ಟೈಪ್ ಮಾಡ್ತಾ ಕೂರಬ್ಯಾಡ್ರಿ. ನಿಂತ ಮೇಲೆ ಡಿಸ್ಕಿನ ಕೇಬಲ್ ತೆಗ್ದು, ಬೆಳಿಗ್ಗೆ ಅಂಗ್ಡಿಗೆ ತರ್ರಿ, ಜೊತೆಗೆ ಖಾಲಿ ಡಿಸ್ಕ್ ಒಂದು, 2 ಟಿಬಿಗಿಂತ ದೊಡ್ಡದು. ಹುಡ್ಗನ ಕೈಗೆ ಮಾತ್ರ ಕೊಡಬ್ಯಾಡ್ರಿ.

ಲಿನಕ್ಸ್ ಹುಡುಗ: ಡಿಡಿರೆಸ್ಕ್ಯೂನೂ ಲಿನಕ್ಸ್ನಾಗೇ ಓಡ್ಸೋದು ಅಂಕಲ್ 😂

ಅಶೋಕ ರಸ್ತೆ: ಆಯ್ತಪ್ಪಾ, ಈಗ ಸುಮ್ನಿರು