ಶುಕ್ರವಾರ ರಾತ್ರಿಗೆ ಹಾಕಿದ ಸೈ-ಫೈ ಧಾರಾವಾಹಿ ಉಳಿಯುತ್ತದಾ?

ಪ್ರಶ್ನೆ: ಬೆಳ್ಳಿಚುಕ್ಕಿ

ಎಲ್ಲರಿಗೂ ನಮಸ್ಕಾರ. ನಾನು ಡಲ್ಲಾಸ್‌ನಲ್ಲಿ ಎಂ.ಎಸ್. ಓದುತ್ತಿದ್ದೇನೆ. ರೂಮ್‌ಮೇಟ್ ಒತ್ತಾಯಕ್ಕೆ 'ಟರ್ಮಿನೇಟರ್: ದ ಸಾರಾ ಕಾನರ್ ಕ್ರಾನಿಕಲ್ಸ್' ಹಾಕಿಕೊಂಡು ಕೂತವನು 31 ಎಪಿಸೋಡೂ ಮುಗಿಸಿಬಿಟ್ಟೆ. ಕೊನೆಯಲ್ಲಿ ಕಥೆ ದೊಡ್ಡ ತಿರುವು ತಗೊಂಡು ಅಲ್ಲೇ ನಿಂತುಹೋಗುತ್ತದೆ. ಹುಡುಕಿ ನೋಡಿದರೆ ಫಾಕ್ಸ್ ಚಾನೆಲ್‌ನವರು 2009ರಲ್ಲಿ ನಿಲ್ಲಿಸಿದರಂತೆ. ಅದೇ ಶುಕ್ರವಾರ ರಾತ್ರಿ, ಅದರ ಬೆನ್ನಿಗೇ ಬರುತ್ತಿದ್ದ 'ಡಾಲ್‌ಹೌಸ್'ನ ರೇಟಿಂಗೂ ಚೆನ್ನಾಗಿರಲಿಲ್ಲ. ಆದರೂ ಅದಕ್ಕೆ ಎರಡನೇ ಸೀಸನ್ ಸಿಕ್ಕಿತು. ಇದು ಹೇಗೆ? ಶುಕ್ರವಾರಕ್ಕೆ ಹಾಕಿದರೆ ಕಥೆ ಮುಗಿದ ಹಾಗೆ ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ, ನಿಜವಾ? ಹೊಸದೊಂದು ಸೈ-ಫೈ ಶುರುವಾದಾಗ ಅದು ಉಳಿಯುತ್ತಾ ಇಲ್ಲವಾ ಅಂತ ತಿಳಿಯೋಕೆ ಏನನ್ನು ನೋಡಬೇಕು?

ಉತ್ತರ: ಶಿರಸಿಮಾಣಿ

ಶುಕ್ರವಾರದ ಭಯ 'ಸ್ಟಾರ್ ಟ್ರೆಕ್' ಕಾಲದ್ದು. 1966ರ ಸೆಪ್ಟೆಂಬರ್ 8ರಂದು ಎನ್‌ಬಿಸಿಯಲ್ಲಿ ಶುರುವಾದಾಗ ಗುರುವಾರ ಬರುತ್ತಿತ್ತು. ಎರಡನೇ ಸೀಸನ್‌ಗೆ ಶುಕ್ರವಾರಕ್ಕೆ ಬಂತು. ನಿಲ್ಲಿಸಬೇಡಿ ಎಂದು ಅಭಿಮಾನಿಗಳು ರಾಶಿ ರಾಶಿ ಪತ್ರ ಬರೆದ ಮೇಲೆ ಮೂರನೆಯ ಸೀಸನ್‌ಗೆ ಸೋಮವಾರದ ಜಾಗ ಎಂಬ ಮಾತಿತ್ತು. ಕೊನೆಗೆ ಸಿಕ್ಕಿದ್ದು ಶುಕ್ರವಾರ ರಾತ್ರಿ 10 ಗಂಟೆ. ಅದನ್ನು ನೋಡುವ ಕಾಲೇಜು ಹುಡುಗರು ಆ ಹೊತ್ತಿಗೆ ಮನೆಯಲ್ಲಿರಬೇಕಲ್ಲ! 1969ರಲ್ಲಿ 79 ಎಪಿಸೋಡಿಗೆ ನಿಂತಿತು. ಆಮೇಲೆ ಲೋಕಲ್ ಸ್ಟೇಷನ್‌ಗಳು ಸಂಜೆ ಹೊತ್ತು ಮರುಪ್ರಸಾರ ಮಾಡಿದಾಗಲೇ ಅದು ಮನೆಮಾತಾಗಿದ್ದು.

ಉತ್ತರ: ತುಮಕೂರಕ್ಕ

ತಮ್ಮಾ, ಓಹಿಯೋದ ಒಂದು ಚಿಕ್ಕ ಲೋಕಲ್ ಸ್ಟೇಷನ್ನಿನ ಜಾಹೀರಾತು ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವಳು ನಾನು. ನಿಲ್ಲಿಸಿದ ಧಾರಾವಾಹಿಗಳ ವಿಷಯ ಬಂದರೆ ಈಗಲೂ ಹೊಟ್ಟೆ ಉರಿಯುತ್ತದೆ, ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ.

ಚಾನೆಲ್‌ಗೆ ದುಡ್ಡು ಬರುವುದು ಜಾಹೀರಾತಿನ ಸೆಕೆಂಡುಗಳಿಂದ. ನೋಡುವವರು ಅಷ್ಟೇ ಮಂದಿ ಇದ್ದರೂ ಗುರುವಾರ ರಾತ್ರಿಯ 30 ಸೆಕೆಂಡಿಗೂ ಶುಕ್ರವಾರ ರಾತ್ರಿಯ 30 ಸೆಕೆಂಡಿಗೂ ಬೆಲೆ ಬೇರೆ. ಇಲ್ಲಿ ಹೊಸ ಸಿನಿಮಾ ಬಿಡುಗಡೆ ಶುಕ್ರವಾರ. ಕಾರು ಮಾರುವವರಿಗೆ, ದೊಡ್ಡ ಅಂಗಡಿಗಳಿಗೆ ವ್ಯಾಪಾರ ಶನಿವಾರ, ಭಾನುವಾರ. ಅವರೆಲ್ಲ ಗುರುವಾರದ ಜಾಗಕ್ಕೇ ಮುಗಿಬೀಳುತ್ತಿದ್ದರು. ಶುಕ್ರವಾರ ರಾತ್ರಿ ಸಿನಿಮಾ ಜಾಹೀರಾತು ಬರುವ ಹೊತ್ತಿಗೆ ಥಿಯೇಟರ್‌ನಲ್ಲಿ ಮೊದಲ ದಿನದ ಆಟ ನಡೆಯುತ್ತಿರುತ್ತದೆ, ಅದಕ್ಕೆ ಯಾರು ಹೆಚ್ಚು ದುಡ್ಡು ಕೊಡುತ್ತಾರೆ?

ಇನ್ನು ನೋಡುವವರ ಲೆಕ್ಕ. ಜಾಹೀರಾತಿನವರು ಕೇಳುತ್ತಿದ್ದುದು 18ರಿಂದ 49 ವಯಸ್ಸಿನವರನ್ನು. ದೇಶದ ಮಟ್ಟದ ಲೆಕ್ಕಕ್ಕೆ ನೀಲ್ಸನ್ ಕಂಪನಿ ಕೆಲವು ಮನೆಗಳ ಟಿವಿಗೆ ಮೀಟರ್ ಜೋಡಿಸಿತ್ತು. ನಮ್ಮಂಥ ಚಿಕ್ಕ ಊರುಗಳಿಗೆ ಕಾಗದದ ಡೈರಿ. ಡೈರಿ ಕಳಿಸಿ ನೋಡುವವರನ್ನು ಎಣಿಸುತ್ತಿದ್ದ ನವೆಂಬರ್, ಫೆಬ್ರವರಿ, ಮೇ, ಜುಲೈ, ಈ ನಾಲ್ಕು ತಿಂಗಳನ್ನು 'ಸ್ವೀಪ್ಸ್' ಅನ್ನುತ್ತಿದ್ದೆವು. ನಮ್ಮ ಪಕ್ಕದ ಮನೆಯವರಿಗೆ ಒಂದು ನವೆಂಬರಿನಲ್ಲಿ ಡೈರಿ ಬಂತು. ಲಕೋಟೆಯೊಳಗೆ ಹೊಸ ಡಾಲರ್ ನೋಟುಗಳು, ಜೊತೆಗೆ ಒಂದು ತೆಳು ಪುಸ್ತಕ. ಕಾಲು ಗಂಟೆಗೊಂದು ಗೆರೆ, ಮನೆಯ ಪ್ರತಿಯೊಬ್ಬರಿಗೂ ಒಂದು ಕಾಲಂ, ಟಿವಿ ಆರಿಸಿದ್ದರೆ ಅದಕ್ಕೂ ಒಂದು ಕಾಲಂ. ಆ ಮನೆಯ ಹುಡುಗ ಹೈಸ್ಕೂಲ್ ಫುಟ್‌ಬಾಲ್ ತಂಡದಲ್ಲಿದ್ದ. ಶುಕ್ರವಾರದ ಪುಟದಲ್ಲಿ ಸಂಜೆಯಿಂದ ರಾತ್ರಿವರೆಗೆ 'ಟಿವಿ ಆಫ್' ಕಾಲಂನಲ್ಲಿ ಒಂದೇ ಉದ್ದ ಗೆರೆ ಎಳೆದಿದ್ದರು. ಮನೆಮಂದಿಯೆಲ್ಲ ಮೈದಾನದಲ್ಲಿ. ಇಲ್ಲಿನ ಸಣ್ಣ ಊರುಗಳಲ್ಲಿ ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ ಶುಕ್ರವಾರ ಸಂಜೆ ಅಂದರೆ ಹೈಸ್ಕೂಲ್ ಫುಟ್‌ಬಾಲ್.

ಅಂಥಾ ಕಾಲಕ್ಕೆ ಸರಿಯಾಗಿ ಫಾಕ್ಸ್‌ನವರು 'ಫೈರ್‌ಫ್ಲೈ' ಎಂಬ ಸೈ-ಫೈ ಶುರು ಮಾಡಿದರು, 2002ರ ಸೆಪ್ಟೆಂಬರ್ 20, ಶುಕ್ರವಾರ ರಾತ್ರಿ 8ಕ್ಕೆ. ಪಾತ್ರಗಳು ಯಾರು, ಕಥೆ ನಡೆಯುವ ಬಾಹ್ಯಾಕಾಶ ಹಡಗಿಗೆ ಹೇಗೆ ಬಂದರು ಎಂದು ಹೇಳುವ ಎರಡು ಗಂಟೆಯ ಮೊದಲ ಎಪಿಸೋಡನ್ನು ಪಕ್ಕಕ್ಕಿಟ್ಟರು. ಅದು ಪ್ರಸಾರವಾಗಿದ್ದು ಡಿಸೆಂಬರ್ 20ಕ್ಕೆ, ಎಲ್ಲದರ ಕೊನೆಗೆ! ಮಧ್ಯೆ ಅಕ್ಟೋಬರಿನಲ್ಲಿ ಬೇಸ್‌ಬಾಲ್ ಬಂದು ಒಂದು ವಾರ ತಪ್ಪಿತು. 14 ತಯಾರಾಗಿದ್ದರಲ್ಲಿ ಆಗ ತೋರಿಸಿದ್ದು 11. ಇದರಲ್ಲಿ ವಾರದ ತಪ್ಪು ಸ್ವಲ್ಪ, ನಡೆಸಿಕೊಂಡ ರೀತಿಯದ್ದು ಬಹಳ. ಯಾಕೆಂದರೆ ಅದೇ ಫಾಕ್ಸ್, ಅದೇ ಶುಕ್ರವಾರ, 1993ರ ಸೆಪ್ಟೆಂಬರ್ 10ಕ್ಕೆ 'ಎಕ್ಸ್-ಫೈಲ್ಸ್' ಶುರು ಮಾಡಿತ್ತು. ಮೊದಮೊದಲು ನೋಡುವವರು ಕಡಿಮೆ. ಮೂರು ಸೀಸನ್ ಅದೇ ಜಾಗದಲ್ಲಿ ಅಲ್ಲಾಡಿಸದೆ ಬಿಟ್ಟರು, ಜನ ಒಬ್ಬರಿಗೊಬ್ಬರು ಹೇಳಿ ಸೇರಿಕೊಂಡರು. 1996ರಲ್ಲಿ ಭಾನುವಾರಕ್ಕೆ ತಂದರು. 1997ರ ಜನವರಿಯಲ್ಲಿ ಸೂಪರ್ ಬೌಲ್ (ಇಲ್ಲಿನ ಫುಟ್‌ಬಾಲ್ ಫೈನಲ್) ಮುಗಿದ ಕೂಡಲೇ ಹಾಕಿದ ಎಪಿಸೋಡನ್ನು ಸುಮಾರು 2.9 ಕೋಟಿ ಜನ ನೋಡಿದರು.

ಈಗ ನಿಮ್ಮ ಪ್ರಶ್ನೆಗೆ. 'ಟರ್ಮಿನೇಟರ್' ತಯಾರಿಸಿದ್ದು ವಾರ್ನರ್ ಬ್ರದರ್ಸ್. 'ಡಾಲ್‌ಹೌಸ್' ತಯಾರಿಸಿದ್ದು ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಟೆಲಿವಿಷನ್, ಅಂದರೆ ಚಾನೆಲ್‌ನ ಮನೆಯದೇ. ಹೊರಗಿನವರ ಧಾರಾವಾಹಿಗೆ ಚಾನೆಲ್ ದುಡ್ಡು ಕೊಡಬೇಕು. ಡಿವಿಡಿ, ವಿದೇಶದ ಹಕ್ಕು ಇವುಗಳ ಲಾಭ ತಯಾರಿಸಿದವರಿಗೆ. ಮನೆಯದಾದರೆ ಜಾಹೀರಾತಿನಲ್ಲಿ ಕಳೆದದ್ದು ಡಿವಿಡಿಯಲ್ಲಿ ಸ್ವಲ್ಪವಾದರೂ ಅದೇ ಮನೆಗೆ ವಾಪಸ್ ಬರುತ್ತದೆ. 'ಡಾಲ್‌ಹೌಸ್'ಗೆ ಡಿವಿಆರ್‌ನಲ್ಲಿ ರೆಕಾರ್ಡ್ ಮಾಡಿ ಆಮೇಲೆ ನೋಡುವವರೂ ಬಹಳ ಇದ್ದರು. 'ಟರ್ಮಿನೇಟರ್' ಕಥೆ ತಿರುಗುಮುರುಗು: 2008ರ ಜನವರಿ 13ರ ಭಾನುವಾರ, ಫುಟ್‌ಬಾಲ್ ಮುಗಿದ ಮೇಲೆ ಹಾಕಿದ್ದಕ್ಕೆ ಸುಮಾರು 1.8 ಕೋಟಿ ಜನ. ಆಮೇಲೆ ಸೋಮವಾರ, ಆಮೇಲೆ 2009ರ ಫೆಬ್ರವರಿಯಿಂದ ಶುಕ್ರವಾರ. ಅಷ್ಟು ಎತ್ತರದಿಂದ ಇಳಿದ ಅಂಕಿ ಮೀಟಿಂಗ್‌ನಲ್ಲಿ ಇನ್ನೂ ಕೆಟ್ಟದಾಗಿ ಕಾಣುತ್ತದೆ. ಮನೆಯದೇ ಆದ 'ಡಾಲ್‌ಹೌಸ್' ಕೂಡ ಬಹಳ ದಿನ ಬಾಳಲಿಲ್ಲ. ಆ ವರ್ಷದ ನವೆಂಬರ್ ಸ್ವೀಪ್ಸ್‌ನಿಂದ ಎತ್ತಿಹಾಕಿ, ನಿಲ್ಲಿಸುತ್ತೇವೆ ಎಂದು ಹೇಳಿ, ಡಿಸೆಂಬರಿನಲ್ಲಿ ರಾತ್ರಿಗೆ ಎರಡೆರಡು ಎಪಿಸೋಡ್ ತೋರಿಸಿದರು. 2010ರ ಜನವರಿ 29ಕ್ಕೆ ಮುಗಿಯಿತು. ಆದರೆ ಬರೆದವರಿಗೆ ಕಥೆ ಮುಗಿಸುವ ಅವಕಾಶ ಸಿಕ್ಕಿತು. ಸಾರಾ ಕಾನರ್‌ಗೂ ಅಷ್ಟಾದರೂ ಕೊಡಬೇಕಿತ್ತು.

ಉತ್ತರ: ಹನುಮಂತನಗರ್_ಹೈದ

ಅಕ್ಕಾ, ಇಲ್ಲಿ ಕನ್ನಡ ಸೀರಿಯಲ್‌ಗೂ ಇದೇ ಕಥೆ. ಗುರುವಾರ ಬಾರ್ಕ್‌ನ ಟಿಆರ್‌ಪಿ ಬಂದರೆ ಸೆಟ್ಟಿನಲ್ಲಿ ಎಲ್ಲರ ಮುಖ ನೋಡಬೇಕು. ರಾತ್ರಿ 8ರ ಸೀರಿಯಲ್ ಅನ್ನು 10ಕ್ಕೋ ಮಧ್ಯಾಹ್ನಕ್ಕೋ ದೂಡಿದರು ಅಂದರೆ ನಮ್ಮಮ್ಮನೇ "ಇನ್ನೇನು ಮುಗಿಸ್ತಾರೆ ಬಿಡು" ಅಂತಾರೆ. ಒಂದು ಸಂದೇಹ: 'ಫ್ರಿಂಜ್' ಕೂಡ ವಾರ್ನರ್ ಅವರದ್ದೇ, ಅದನ್ನೂ ಶುಕ್ರವಾರಕ್ಕೆ ತಳ್ಳಿದ್ದರು. ಅದು ಹೇಗೆ ಉಳಿಯಿತು?

ಉತ್ತರ: ತುಮಕೂರಕ್ಕ

ಒಳ್ಳೆಯ ಪ್ರಶ್ನೆ. ಅದು ಶುಕ್ರವಾರಕ್ಕೆ ಬಂದದ್ದು 2011ರ ಜನವರಿಯಲ್ಲಿ, ಮೂರನೇ ಸೀಸನ್ ಮಧ್ಯೆ. ಆಗಲೇ 50ಕ್ಕೂ ಹೆಚ್ಚು ಎಪಿಸೋಡ್ ಆಗಿತ್ತು. ಮರುಪ್ರಸಾರಕ್ಕೆ ದಿನಕ್ಕೊಂದರಂತೆ ಮಾರಬೇಕಾದರೆ 100ರ ಹತ್ತಿರ ಇರಬೇಕು ಅನ್ನುವುದು ಈ ವ್ಯಾಪಾರದ ಹಳೆಯ ಲೆಕ್ಕ. ಹಾಗಾಗಿ ಅದನ್ನು ದಡ ಸೇರಿಸುವ ಆಸೆ ವಾರ್ನರ್‌ಗೂ ಇತ್ತು. ಇದರಿಂದ ನಮಗೆ ನಷ್ಟ ಎಂದು ಫಾಕ್ಸ್ ಮುಖ್ಯಸ್ಥರು 2012ರಲ್ಲಿ ಪತ್ರಕರ್ತರ ಮುಂದೆಯೇ ಹೇಳಿದ್ದರು. ಆದರೂ ಕೊನೆಗೆ 13 ಎಪಿಸೋಡ್ ಕೊಟ್ಟರು. 2013ರ ಜನವರಿ 18ಕ್ಕೆ ಸರಿಯಾಗಿ 100ಕ್ಕೆ ಮುಗಿಯಿತು.

ಬೆಳ್ಳಿಚುಕ್ಕಿ

ತುಂಬಾ ಥ್ಯಾಂಕ್ಸ್ ಅಕ್ಕ. ಈಗ ಎಲ್ಲ ಸ್ಟ್ರೀಮಿಂಗ್ ಆಯಿತಲ್ಲ, ವಾರ, ಹೊತ್ತು ಇದೆಲ್ಲ ಇನ್ನೂ ಲೆಕ್ಕಕ್ಕೆ ಬರುತ್ತಾ?

ತುಮಕೂರಕ್ಕ

ಹೊತ್ತು ಅಷ್ಟಾಗಿ ಬರಲ್ಲ, ಹಕ್ಕು ಬರುತ್ತೆ. 'ದ ಎಕ್ಸ್‌ಪ್ಯಾನ್ಸ್' ನೋಡಿ. ಸೈಫೈ ಚಾನೆಲ್ ಹತ್ತಿರ ಇದ್ದದ್ದು ಅಮೆರಿಕದಲ್ಲಿ ಟಿವಿಯ ಮೊದಲ ಪ್ರಸಾರದ ಹಕ್ಕು ಮಾತ್ರ. ಜನ ಬೇರೆ ಕಡೆ, ಬೇರೆ ದಿನ ನೋಡಿದರೆ ಚಾನೆಲ್‌ಗೆ ಬಿಡಿಗಾಸೂ ಇಲ್ಲ. ಮೂರು ಸೀಸನ್‌ಗೆ, 2018ರ ಮೇ ತಿಂಗಳಲ್ಲಿ ಕೈಬಿಟ್ಟರು. ಅಭಿಮಾನಿಗಳು ದುಡ್ಡು ಕೂಡಿಸಿ ಅಮೆಜಾನ್ ಕಚೇರಿ ಮೇಲೆ ಬ್ಯಾನರ್ ಕಟ್ಟಿದ ವಿಮಾನ ಹಾರಿಸಿದರು. ಅದೇ ತಿಂಗಳು ಅಮೆಜಾನ್ ತಗೊಂಡಿತು, ಇನ್ನೂ ಮೂರು ಸೀಸನ್ ಬಂತು.

ಹೊಸದು ಶುರುವಾದಾಗ ನಾನು ಮೊದಲು ನೋಡುವುದು ಕೊನೆಯಲ್ಲಿ ಬರುವ ತಯಾರಕರ ಲೋಗೋ. ಆಮೇಲೆ ಎಷ್ಟು ಎಪಿಸೋಡಿಗೆ ಆರ್ಡರ್ ಕೊಟ್ಟಿದ್ದಾರೆ, ಅದು ಮಧ್ಯದಲ್ಲಿ ಹೆಚ್ಚಿತಾ ಅಂತ. ಮೊದಲ ವಾರದ ಅಂಕಿ ಬಿಟ್ಟುಬಿಡಿ, ಅದು ಕುತೂಹಲದ್ದು. ನಾಲ್ಕನೇ, ಐದನೇ ವಾರ ಇಳಿಯುವುದು ನಿಂತಿತಾ ನೋಡಿ. ನೀವು ಈಗ ಯಾವುದಾದರೂ ಹೊಸದು ನೋಡುತ್ತಿದ್ದರೆ ಹೆಸರು ಹಾಕಿ, ಅದು ಯಾರ ಮನೆಯದು ಅಂತ ಹುಡುಕೋಣ.