ಚರಂಡಿ ನೀರಲ್ಲಿ ದನದ ವೈರಸ್: ಪಶುವೈದ್ಯರನ್ನು ಕೇಳಿ

ಅರಸೀಕೆರೆ ಸದಸ್ಯ: ಡಾಕ್ಟ್ರೇ, ಅಮೆರಿಕದಲ್ಲಿ ಚರಂಡಿ ನೀರು ಪರೀಕ್ಷೆ ಮಾಡಿ ಹಸುಗಳ ಹಕ್ಕಿಜ್ವರ ಪತ್ತೆ ಮಾಡ್ತಾರಂತೆ. ಹಾಸನದಲ್ಲೂ ಮಾಡಬಹುದಾ?

ಡಾಕ್ಟರ್: 2024ರಲ್ಲಿ ಟೆಕ್ಸಾಸ್‌ನ ಒಳಚರಂಡಿಗಳಲ್ಲಿ ಹಕ್ಕಿಜ್ವರದ ಎಚ್5 ವೈರಸ್ಸಿನ ಚೂರು ಸಿಕ್ಕಿದ್ದು ನಿಜ. ಆದರೆ ಅದು ಹಸುವಿನದೋ, ಹಕ್ಕಿಯದೋ, ಮನುಷ್ಯರದೋ ಅಂತ ಆ ಪರೀಕ್ಷೆ ಹೇಳುವುದಿಲ್ಲ. ನಮ್ಮಲ್ಲಿ ಸಗಣಿ ತಿಪ್ಪೆಗೆ, ಗಂಜಲ ತೋಟಕ್ಕೆ ಹೋಗುತ್ತದೆ. ಪಟ್ಟಣದ ಯುಜಿಡಿ (ಒಳಚರಂಡಿ) ನೀರಲ್ಲಿ ಹಳ್ಳಿಯ ಕೊಟ್ಟಿಗೆ ಎಲ್ಲಿ ಕಾಣಬೇಕು? ಡೇರಿಯ ಹಾಲಿನ ಟ್ಯಾಂಕಿನ ಸ್ಯಾಂಪಲ್ಲೇ ನಮಗೆ ವಾಸಿ.

ಮೂಡಿಗೆರೆ ಸದಸ್ಯ: ಮಂಗನ ಕಾಯಿಲೆಗೂ ಚರಂಡಿ ಪರೀಕ್ಷೆ ಆಗುತ್ತಾ?

ಡಾಕ್ಟರ್: ಅದು ಉಣುಗಿನಿಂದ ಬರುವುದು, ಚರಂಡಿಯಲ್ಲಿ ಹುಡುಕುವಂಥದ್ದಲ್ಲ. ಕಾಡಂಚಲ್ಲಿ ಮಂಗ ಸತ್ತಿದ್ದರೆ ತಿಳಿಸಿ, ಮುಟ್ಟಬೇಡಿ.

ಬೇಲೂರು ಸದಸ್ಯೆ: ಸಾರ್, ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ತಳಿ) ಹಸು ಎರಡು ದಿನದಿಂದ ಅರ್ಧ ಹಾಲು ಕೊಡುತ್ತಿದೆ. ಹಾಲು ಗಿಣ್ಣಿನ ಹಾಗೆ ಹಳದಿ, ದಪ್ಪ. ಕೊಟ್ಟಿಗೆ ಹಿಂದೆ ಎರಡು ಕಾಗೆ ಸತ್ತು ಬಿದ್ದಿದ್ದವು.

ಡಾಕ್ಟರ್: ಅಮ್ಮಾ, ಇದನ್ನು ಬಿಡುವ ಹಾಗಿಲ್ಲ. ಬಹುಶಃ ಕೆಚ್ಚಲು ಬಾವೇ ಇರಬಹುದು. ಆದರೆ ಅಮೆರಿಕದ ಹಸುಗಳಲ್ಲಿ ಹಕ್ಕಿಜ್ವರ ಬಂದಾಗಲೂ ಹಾಲು ಹೀಗೇ ಇಳಿಯಿತು, ಹೀಗೇ ದಪ್ಪಗಾಯಿತು. ಹಸುವನ್ನು ಬೇರೆ ಕಟ್ಟಿ, ಅದರ ಹಾಲನ್ನು ಕೊನೆಗೆ ಕರೆಯಿರಿ. ಮಾಸ್ಕ್, ಗ್ಲೌಸ್ ಹಾಕಿಕೊಳ್ಳಿ. ಆ ಹಾಲನ್ನು ಡೇರಿಗೆ ಹಾಕಬೇಡಿ, ಮನೆಯಲ್ಲೂ ಬಳಸಬೇಡಿ. ಚರಂಡಿಗೂ ಸುರಿಯಬೇಡಿ, ಬೆಕ್ಕಿಗಂತೂ ಇಡಲೇಬೇಡಿ. ಅಮೆರಿಕದಲ್ಲಿ ಅಂಥ ಹಸುಗಳ ಹಸಿ ಹಾಲು ಕುಡಿದ ಬೆಕ್ಕುಗಳು ಸತ್ತಿವೆ. ಕಾಗೆ ಎಲ್ಲಿವೆ?

ಆಲೂರು ಸದಸ್ಯ: ಫಾರ್ವರ್ಡ್: ಬ್ಲೀಚಿಂಗ್ ಪುಡಿ ನೀರು ಕುಡಿಸಿದರೆ ಹಸುವಿಗೆ ಯಾವ ವೈರಸ್ಸೂ ತಾಗಲ್ಲ. ಎಲ್ಲರಿಗೂ ಕಳಿಸಿ.

ಡಾಕ್ಟರ್: ಕುಡಿಸಬೇಡಿ! ಬಾಯಿ, ಗಂಟಲು ಸುಡುತ್ತದೆ. ಆ ಪುಡಿ ನೆಲ ತೊಳೆಯುವುದಕ್ಕೆ. ಇದು ಮೂರನೇ ಸಲ ಹೇಳುತ್ತಿದ್ದೇನೆ. ಅಳಿಸಿ.

ಆಲೂರು ಸದಸ್ಯ: ನಾವು ಒಳ್ಳೇದಕ್ಕೇ ಹಾಕಿದ್ದು.

ಚನ್ನರಾಯಪಟ್ಟಣ ಸದಸ್ಯ: ಒಳ್ಳೇದಾ? ನಿಮ್ಮಂಥವರ ಮಾತು ಕೇಳಿ ನನ್ನ ಭಾವ ಕರುವಿಗೆ ಏನೇನೋ ಕುಡಿಸಿ ಕಳಕೊಂಡ.

ಅರಸೀಕೆರೆ ಸದಸ್ಯ: ಅದಿರಲಿ, ಮೇಲಿನ ಕೇರಿಯವರು ಕೊಟ್ಟಿಗೆ ತೊಳೆದ ನೀರೆಲ್ಲ ಕೆರೆಗೇ ಬಿಡ್ತಾರೆ. ಅದನ್ನು ಕೇಳೋರಿಲ್ಲ.

ಆಲೂರು ಸದಸ್ಯ: ನಿಮ್ಮ ಕೇರಿಯವರು ಬಿಡಲ್ವಾ?

ಮೂಡಿಗೆರೆ ಸದಸ್ಯ: ಕಾಲುಬಾಯಿ ಜ್ವರ ಚರಂಡಿಯಲ್ಲಿ ಸಿಗುತ್ತಾ ಸಾರ್?

ಅರಸೀಕೆರೆ ಸದಸ್ಯ: ಹಾಗಾದರೆ ಹಾಸನದಲ್ಲಿ ಪರೀಕ್ಷೆ ಯಾವಾಗ ಶುರು?

ಡಾಕ್ಟರ್: ಮೇಲೆ ಬರೆದಿದ್ದೇನೆ, ಓದಿ. ಕೆರೆ ಜಗಳ ಸಾಕು. ಬೇಲೂರಿನಮ್ಮಾ, ಕಾಗೆ?

ಬೇಲೂರು ಸದಸ್ಯೆ: ಮಗ ತಿಪ್ಪೆ ಪಕ್ಕ ಹೂತಿದ್ದಾನೆ. ಬರಿಗೈಯಲ್ಲಿ.

ಡಾಕ್ಟರ್: ಅಗೆಯಬೇಡಿ. ಮಗ ಸೋಪು ಹಾಕಿ ಕೈ ತೊಳೆಯಲಿ. ಜ್ವರವೋ ಕಣ್ಣುರಿಯೋ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಕಾಗೆ ಮುಟ್ಟಿದ್ದನ್ನು ಹೇಳಿ. ಇನ್ನೊಂದು ಕಾಗೆ ಬಿದ್ದರೆ ಮುಟ್ಟದೆ ನನಗೆ ಫೋನ್ ಮಾಡಿ, ಸ್ಯಾಂಪಲ್ ಭೋಪಾಲ್‌ನ ಪ್ರಯೋಗಾಲಯಕ್ಕೆ ಹೋಗಬೇಕು. ಲೊಕೇಶನ್ ಕಳಿಸಿ, ಸಂಜೆ ಹಾಲು ಕರೆಯುವ ಮೊದಲು ಬರುತ್ತೇನೆ.